ಅಧಿಕಾರಿ ಯಾರು?

ಶಾಸ್ತ್ರವೊಂದನ್ನು ಆರಂಭಿಸುವಾಗ ಈ ದೇಶದ ಪ್ರಾಚೀನರು ಮೊದಲು ನಾಲ್ಕು ಸಂಗತಿಗಳನ್ನು ವಿಚಾರಿಸುತ್ತಿದ್ದರು. ಇದರ ವಿಷಯವೇನು? ಪ್ರಯೋಜನವೇನು? ಇವುಗಳಿಗೂ ಗ್ರಂಥಕ್ಕೂ ಇರುವ ಸಂಬಂಧವೇನು? ಇದನ್ನು ಓದುವುದಕ್ಕೆ ಅಧಿಕಾರಿ ಯಾರು? ಈ ನಾಲ್ಕರಲ್ಲಿ ಕೊನೆಯದೇ ಕಷ್ಟವಾದುದು. ಅಧಿಕಾರವೆಂಬ ಶಬ್ದಕ್ಕೆ ಈಚೆಗೆ ಕಚೇರಿಯ ವಾಸನೆ ಹತ್ತಿದೆ. ಶಾಸ್ತ್ರದಲ್ಲಿ ಅದಕ್ಕೆ ಯೋಗ್ಯತೆಯೆಂದೇ ಅರ್ಥ. ವ್ಯಾಕರಣಕ್ಕೋ ಗಣಿತಕ್ಕೋ ಅಧಿಕಾರಿಯನ್ನು ಗೊತ್ತುಮಾಡುವುದು ಸುಲಭ. ದೇವರೇ ವಿಷಯವಾಗಿರುವ ಶಾಸ್ತ್ರಕ್ಕೆ? ವೇದಾಂತಿಗಳು ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂದು ನಾಲ್ಕು ಸಾಧನಗಳನ್ನು ಎಣಿಸಿದರು. ಇವುಗಳಲ್ಲಿ ಒಂದನ್ನಾದರೂ ಪರೀಕ್ಷೆಯ ಕೊಠಡಿಯಲ್ಲಿ ಅಳೆದು ಅಂಕ ಹಾಕುವುದು ಶಕ್ಯವಲ್ಲ.

ಆದರೂ ಯೂರೋಪಿನ ವಿದ್ಯಾಪೀಠಗಳು ಎಂಟುನೂರು ವರ್ಷಗಳಿಂದ ಕ್ರೈಸ್ತ ದೈವಶಾಸ್ತ್ರದಲ್ಲಿ ಪರೀಕ್ಷೆಮಾಡಿ ಪದವಿಯನ್ನು ಕೊಡುತ್ತ ಬಂದಿವೆ. ಹೆಸರಿನ ಹಿಂದೆ ಡಾಕ್ಟರೆಂದು ಬರೆದುಕೊಂಡ ಪಾದ್ರಿಗಳೊಬ್ಬರನ್ನು ಕಂಡು, ಇವರು ಯಾವ ರೋಗಕ್ಕೆ ಮದ್ದು ಕೊಡುವರೆಂದು ಕೇಳುವ ಸರಳಹೃದಯರು ಇಂದಿಗೂ ಉಂಟು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಬೋಧಕನೆಂದೇ ಮೂಲಾರ್ಥ. ವೈದ್ಯನೆಂಬುದು ಆಮೇಲೆ ಬಂದ ರೂಢಿ. ಈ ಬೋಧಕನಿಂದ ವಿದ್ಯಾಪೀಠವು ಏನನ್ನು ಕೇಳಿತು, ಏನನ್ನು ಕೇಳಲಾರದೆ ಹೋಯಿತು, ಯಾರನ್ನು ಕೇಳದೆಯೇ ಹೊರಗೆ ನಿಲ್ಲಿಸಿತು ಎಂಬುದನ್ನು ವಿಚಾರಿಸಿದರೆ, ಪ್ರಶ್ನೆಯು ಅವರೊಬ್ಬರದೇ ಅಲ್ಲವೆಂದು ವಾಚಕರಿಗೆ ತೋರದಿರದು.

ಪ್ಯಾರಿಸ್ ನಗರದ ವಿದ್ಯಾಪೀಠಕ್ಕೆ 1215ರಲ್ಲಿ ಪೋಪರ ಪ್ರತಿನಿಧಿಯಾದ ರಾಬರ್ಟ್ ಡಿ ಕೂರ್ಸೋನ್ ಎಂಬಾತನು ಕಟ್ಟಳೆಗಳನ್ನು ವಿಧಿಸಿದನು. ತರ್ಕವ್ಯಾಕರಣಾದಿ ವಿದ್ಯೆಗಳನ್ನು ಬೋಧಿಸುವವನಿಗೆ ಇಪ್ಪತ್ತೊಂದು ವರ್ಷ ವಯಸ್ಸಾಗಿದ್ದರೆ ಸಾಕು. ದೈವಶಾಸ್ತ್ರವನ್ನು ಬೋಧಿಸುವವನಿಗೆ ಮೂವತ್ತೈದು ತುಂಬಿರಬೇಕು. ಎಂಟು ವರ್ಷಗಳಿಗೆ ಕಡಮೆಯಿಲ್ಲದ ವ್ಯಾಸಂಗವಾಗಿರಬೇಕು. ಅದರಲ್ಲಿ ಐದು ವರ್ಷ ದೈವಶಾಸ್ತ್ರದ ಪಾಠವನ್ನೇ ಕೇಳಿರಬೇಕು. ಇಷ್ಟಾದ ಮೇಲೂ ಅವನು ವಿದ್ಯೆಯಲ್ಲಿ ಮಾತ್ರವಲ್ಲದೆ ನಡತೆಯಲ್ಲಿಯೂ ಪರೀಕ್ಷಿತನಾಗಿರಬೇಕೆಂದು ಆ ಕಟ್ಟಳೆ ಹೇಳುತ್ತದೆ. ಶಮದಮಾದಿಗಳ ನೆನಪು ಅಲ್ಲಿಯೂ ಇದ್ದಿತು. ವರ್ಷಗಳನ್ನು ಎಣಿಸಬಹುದು, ನಡತೆಯನ್ನು ಹೇಗೆ ಎಣಿಸುವುದು ಎಂಬ ಕಷ್ಟವೂ ಅಂದೇ ಹುಟ್ಟಿತು.

ಮುಂದೆ ಈ ಮಾರ್ಗವು ಇನ್ನೂ ಉದ್ದವಾಯಿತು. ವಿದ್ಯಾರ್ಥಿಯು ಮೊದಲು ಬೈಬಲ್ಲಿನ ಭಾಗಗಳನ್ನು ಅಕ್ಷರಾರ್ಥಕ್ಕೆ ತಕ್ಕಂತೆ ಪಾಠ ಹೇಳಬೇಕಾಗಿದ್ದಿತು. ಅನಂತರ ಪೀಟರ್ ಲೊಂಬಾರ್ಡನು ಹನ್ನೆರಡನೆಯ ಶತಮಾನದಲ್ಲಿ ಪೂರ್ವಾಚಾರ್ಯರ ಮತಗಳನ್ನು ವಿಷಯಾನುಸಾರವಾಗಿ ಜೋಡಿಸಿದ ನಾಲ್ಕು ಪುಸ್ತಕಗಳ ಸಂಗ್ರಹವನ್ನು ವ್ಯಾಖ್ಯಾನಮಾಡಬೇಕು. ಅದು ಮುಗಿದ ಬಳಿಕ ಸಭೆಯಲ್ಲಿ ವಾಕ್ಯಾರ್ಥ. ಪಾಠಶಾಲೆಯಲ್ಲಿ ಓದಿದವರಿಗೆ ಈ ಕ್ರಮವು ಹೊಸದಾಗಿ ತೋರುವುದಿಲ್ಲ. ಮೂಲ, ವ್ಯಾಖ್ಯಾನ, ವಾದ ಎಂಬ ಮೂರು ಮೆಟ್ಟಲುಗಳು ಎರಡು ಕಡೆಯೂ ಒಂದೇ.

ವಾದದ ರೀತಿಯಲ್ಲಿಯಂತೂ ಸಾಮ್ಯವು ಆಶ್ಚರ್ಯಕರವಾದುದು. ಮೀಮಾಂಸಕರ ಅಧಿಕರಣದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳು ಕ್ರಮವಾಗಿ ಬರುವಂತೆ, ಪ್ಯಾರಿಸ್ಸಿನ ಸಭೆಯಲ್ಲಿಯೂ ಪ್ರಶ್ನೆಯ ಹಿಂದೆಯೇ ವಿರೋಧಿಯ ಮಾತು ಬರಬೇಕು, ಆಮೇಲೆ ಪ್ರಮಾಣ, ಆಮೇಲೆ ಆಚಾರ್ಯನ ನಿರ್ಣಯ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಥಾಮಸ್ ಅಕ್ವೈನಸ್ ಎಂಬ ಮಹಾಪಂಡಿತನು 1256ರಲ್ಲಿ ಈ ಸಭೆಯನ್ನು ದಾಟಿ ಆಚಾರ್ಯನಾದನು. ಆಗ ಅವನಿಗೆ ಮೂವತ್ತೈದು ತುಂಬಿರಲಿಲ್ಲ. ಅವನಿಗಾಗಿ ಕಟ್ಟಳೆಯನ್ನೇ ಸಡಿಲಿಸಬೇಕಾಯಿತು. ಅವನು ಮುಂದೆ ರಚಿಸಿದ ಸುಪ್ರಸಿದ್ಧವಾದ ‘ಸುಮ್ಮಾ ಥಿಯಲಾಜಿಯೆ’ಯಲ್ಲಿ ದೇವರು ಇದ್ದಾನೆಯೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗ ಮೊದಲು ಬರುವುದು ಆಸ್ತಿಕನ ಮಾತಲ್ಲ. ದೇವರು ಅನಂತವಾದ ಒಳ್ಳೆಯತನವಾಗಿದ್ದರೆ ಲೋಕದಲ್ಲಿ ಕೇಡಿಗೆ ಎಡೆಯೇ ಇರಬಾರದಾಗಿತ್ತು, ಆದರೆ ಕೇಡು ಇದೆ ಎಂಬುದು ಮೊದಲನೆಯ ಆಕ್ಷೇಪ. ಪ್ರಕೃತಿಯ ಕಾರ್ಯಗಳಿಗೆ ಪ್ರಕೃತಿಯೇ, ಮನುಷ್ಯನ ಕಾರ್ಯಗಳಿಗೆ ಮನುಷ್ಯನ ಬುದ್ಧಿಯೇ ಕಾರಣವಾಗಿ ಸಾಲುವಾಗ ಬೇರೊಬ್ಬನನ್ನು ಕಲ್ಪಿಸುವುದೇಕೆಂಬುದು ಎರಡನೆಯದು. ನಾಸ್ತಿಕನು ತಾನೇ ಬಂದು ನಿಂತಿದ್ದರೂ ಇದಕ್ಕಿಂತ ನೇರವಾಗಿ ಹೇಳಲಾರನು. ಹದಿನಾಲ್ಕನೆಯ ಶತಮಾನದ ವಿಜಯನಗರ ಕಾಲದ ಮಾಧವಾಚಾರ್ಯರು ಸರ್ವದರ್ಶನಸಂಗ್ರಹದಲ್ಲಿ ಚಾರ್ವಾಕನಿಗೇ ಅಗ್ರಸ್ಥಾನವನ್ನು ಕೊಟ್ಟಿರುವುದು ಇಲ್ಲಿ ಸ್ಮರಣೀಯ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೇ ಅದನ್ನು ಖಂಡಿಸುವ ಅಧಿಕಾರ. ಪ್ಯಾರಿಸ್ಸಿನವರು ಕೇಳಿದ ಎಲ್ಲದರಲ್ಲಿಯೂ ಇದೇ ಶ್ರೇಷ್ಠವಾದುದೆನ್ನಬೇಕು.

ಪದವಿಗೆ ಇನ್ನೊಂದು ಅಂಗವಿದ್ದಿತು: ಪ್ರಮಾಣವಚನ. ಜರ್ಮನಿಯ ವಿಟೆನ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ 1512ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಮಾರ್ಟಿನ್ ಲೂಥರನೆಂಬ ಸನ್ಯಾಸಿಯು ದೈವಶಾಸ್ತ್ರದ ಡಾಕ್ಟರನಾದನು. ಅವನಿಗೆ ಆಗ ಇಪ್ಪತ್ತೆಂಟು ವರ್ಷ. ಆ ಪದವಿಯನ್ನು ಅವನು ಬಯಸಿರಲಿಲ್ಲ. ಅವನ ಸಂಘದ ಹಿರಿಯರಾದ ಸ್ಟೌಪಿಟ್ಸರು ಬಲವಂತಮಾಡಿ ಒಪ್ಪಿಸಿದರು. ಶುಲ್ಕವಾದ ಐವತ್ತು ಗುಲ್ಡನ್ ನಾಣ್ಯಗಳನ್ನು ಕೊಡಲು ಸನ್ಯಾಸಿಯ ಕೈಯಲ್ಲಿ ಏನಿದ್ದೀತು? ಆ ದೇಶದ ದೊರೆಯಾದ ಫ್ರೆಡರಿಕನು ಕೊಟ್ಟನು. ಲೂಥರನು ಲೈಪ್ಸಿಗ್ ನಗರಕ್ಕೆ ಹೋಗಿ ಆ ಹಣವನ್ನು ಪಡೆದು ರಸೀತಿ ಬರೆದುಕೊಟ್ಟನು. ಪದವಿಪ್ರದಾನದ ದಿನ ಅವನ ಕೈಗೆ ಮೊದಲು ಮುಚ್ಚಿದ ಬೈಬಲ್ಲನ್ನೂ ಆಮೇಲೆ ತೆರೆದ ಬೈಬಲ್ಲನ್ನೂ ಇತ್ತರು. ತಲೆಗೆ ಟೋಪಿ, ಬೆರಳಿಗೆ ಉಂಗುರ ಬಂದವು. ಸಭೆಯು ನಿಷೇಧಿಸಿದ ಅನ್ಯಮತಗಳನ್ನು ಬೋಧಿಸುವುದಿಲ್ಲವೆಂದು ಅವನು ಪ್ರಮಾಣಮಾಡಿದನು.

ಐದು ವರ್ಷಗಳಲ್ಲಿಯೇ, 1517ರಲ್ಲಿ, ಪಾಪಪರಿಹಾರದ ಪತ್ರಗಳನ್ನು ಹಣಕ್ಕೆ ಮಾರುವುದನ್ನು ವಿರೋಧಿಸಿ ಅವನು ತೊಂಬತ್ತೈದು ವಾಕ್ಯಗಳನ್ನು ವಾದಕ್ಕೆ ಇಟ್ಟನು. 1521ರಲ್ಲಿ ಚಕ್ರವರ್ತಿಯ ಸಭೆಯಲ್ಲಿ ತನ್ನ ಮಾತನ್ನು ಹಿಂದೆಗೆದುಕೊಳ್ಳಲು ಒಪ್ಪಲಿಲ್ಲ. ನಿನಗೆ ಈ ಅಧಿಕಾರವನ್ನು ಕೊಟ್ಟವರಾರು ಎಂದು ಕೇಳಿದವರಿಗೆ ಅವನು ಕೊಡುತ್ತಿದ್ದ ಉತ್ತರಗಳಲ್ಲಿ ತನ್ನ ಡಾಕ್ಟರ್ ಪದವಿಯೂ ಒಂದು. ಪವಿತ್ರಗ್ರಂಥವನ್ನು ನಿಷ್ಠೆಯಿಂದ ಬೋಧಿಸುವೆನೆಂದು ತಾನು ಪ್ರಮಾಣಮಾಡಿರುವೆನೆಂದು ಅವನ ವಾದ. ಕೊಟ್ಟವರು ಆ ಪ್ರಮಾಣವನ್ನು ಕಟ್ಟುಪಾಡೆಂದು ಭಾವಿಸಿದ್ದರು; ತೆಗೆದುಕೊಂಡವನು ಅದನ್ನು ಋಣವೆಂದು ಭಾವಿಸಿದನು. ಅವನ ಪಕ್ಷವನ್ನು ಒಪ್ಪುವವರಿಗೂ ಒಪ್ಪದವರಿಗೂ ಇದರಿಂದ ಒಂದು ಮಾತು ತಿಳಿಯುತ್ತದೆ. ಪದವಿಯನ್ನು ಕೊಡುವವರು ತಾವು ಏನನ್ನು ಕೊಡುತ್ತಿರುವೆವೆಂದು ಪೂರ್ತಿಯಾಗಿ ಅರಿತಿರುವುದಿಲ್ಲ.

ಆ ಕಾಲದಲ್ಲಿಯೇ ಅಭ್ಯರ್ಥಿಯಿಂದ ಕೇಳುವ ಸಂಗತಿಗಳಿಗೆ ಹೊಸದೊಂದು ಸೇರಿತು. ಹಿಂದಿನ ಡಾಕ್ಟರರು ಬೈಬಲ್ಲನ್ನು ಓದುತ್ತಿದ್ದುದು ಲ್ಯಾಟಿನ್ ಅನುವಾದದಲ್ಲಿ. ಇರಾಸ್ಮಸನು ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು 1516ರಲ್ಲಿ ಅಚ್ಚುಮಾಡಿಸಿದನು; ಮರುವರ್ಷವೇ ಲೂವೇನ್ ನಗರದಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಎಂಬ ಮೂರು ಭಾಷೆಗಳ ವಿದ್ಯಾಲಯವು ಸ್ಥಾಪಿತವಾಯಿತು. ಮೂಲವನ್ನು ಓದದೆ ಅರ್ಥ ಹೇಳಬಾರದೆಂಬ ನಿಯಮವು ಕ್ರಮೇಣ ಬೇರೂರಿತು.

ಇದು ಪಾಂಡಿತ್ಯದ ಆಡಂಬರವಲ್ಲವೆಂಬುದಕ್ಕೆ ಒಂದು ಉದಾಹರಣೆ ಸಾಕು. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ನಿಕೊದೇಮನೆಂಬ ವೃದ್ಧ ಪಂಡಿತನು ರಾತ್ರಿಯಲ್ಲಿ ಯೇಸುಸ್ವಾಮಿಯ ಬಳಿಗೆ ಬರುತ್ತಾನೆ. ಮನುಷ್ಯನು ‘ಆನೋಥೆನ್’ ಹುಟ್ಟಬೇಕೆಂದು ಅವನಿಗೆ ಹೇಳಲ್ಪಡುತ್ತದೆ. ಗ್ರೀಕಿನಲ್ಲಿ ಈ ಶಬ್ದಕ್ಕೆ ‘ಮತ್ತೆ’ ಎಂದೂ ‘ಮೇಲಿನಿಂದ’ ಎಂದೂ ಎರಡರ್ಥಗಳಿವೆ. ಮುದುಕನು ಮೊದಲನೆಯ ಅರ್ಥವನ್ನು ಹಿಡಿದು, ತಾಯಿಯ ಗರ್ಭವನ್ನು ಪುನಃ ಸೇರುವುದು ಹೇಗೆಂದು ಬೆರಗಾಗುತ್ತಾನೆ. ಬೋಧೆಯು ಎರಡನೆಯ ಅರ್ಥದ ಕಡೆಗೆ ಸಾಗುತ್ತದೆ. ಅದೇ ಪ್ರಕರಣದಲ್ಲಿ ಬರುವ ‘ಪ್ನ್ಯೂಮ’ ಎಂಬ ಶಬ್ದಕ್ಕೆ ಗಾಳಿಯೂ ಅರ್ಥ, ಆತ್ಮವೂ ಅರ್ಥ. ಕಾವ್ಯವನ್ನು ಓದಿದವರು ಇದನ್ನು ಶ್ಲೇಷವೆಂದು ಕೂಡಲೆ ಗುರುತಿಸುವರು. ಅನುವಾದಕನು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದ ಕ್ಷಣದಲ್ಲಿ ಇನ್ನೊಂದು ಕೈಬಿಟ್ಟುಹೋಗುತ್ತದೆ. ಎರಡು ಮತಗಳವರು ತಮ್ಮ ತಮ್ಮ ಅನುವಾದವನ್ನು ಹಿಡಿದು ಜಗಳವಾಡುವಾಗ, ಮೂಲದಲ್ಲಿ ಎರಡೂ ಇವೆಯೆಂದು ಹೇಳಬಲ್ಲವನೊಬ್ಬನು ಊರಿನಲ್ಲಿರುವುದು ಎಲ್ಲರಿಗೂ ಕ್ಷೇಮ.

ಹೀಗೆ ವಯಸ್ಸು, ನಡತೆ, ವಾದ, ಪ್ರಮಾಣ, ಭಾಷೆ ಎಂದು ಅಧಿಕಾರದ ಲಕ್ಷಣಗಳು ಬೆಳೆದವು. ಈ ಎಲ್ಲ ಲಕ್ಷಣಗಳಿದ್ದ ವ್ಯಕ್ತಿಯೊಬ್ಬರು ಬಂದಾಗ ವಿದ್ಯಾಪೀಠವು ಏನು ಮಾಡಿತೆಂಬುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ವೆನಿಸ್ ನಗರದ ಶ್ರೀಮಂತ ಮನೆತನದಲ್ಲಿ 1646ರಲ್ಲಿ ಹುಟ್ಟಿದ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬ ಮಹಿಳೆಯು ಬಾಲ್ಯದಿಂದಲೇ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಹೀಬ್ರೂ ಮೊದಲಾದ ಇತರ ಭಾಷೆಗಳನ್ನೂ ಕಲಿತು, ದೈವಶಾಸ್ತ್ರವನ್ನು ವ್ಯಾಸಂಗಮಾಡಿದ್ದಳು. ಮದುವೆಯನ್ನು ಒಲ್ಲದೆ ವ್ರತಸ್ಥಳಾಗಿ ಬಾಳುತ್ತಿದ್ದಳು. ಪಾದುವಾ ವಿದ್ಯಾಪೀಠದಲ್ಲಿ ಆಕೆಗೆ ದೈವಶಾಸ್ತ್ರದ ಡಾಕ್ಟರ್ ಪದವಿ ಸಲ್ಲಬೇಕೆಂಬ ಪ್ರಾರ್ಥನೆಯು ಹೋದಾಗ, ಅಲ್ಲಿಯ ಬಿಷಪ್ಪರಾದ ಬಾರ್ಬರಿಗೊ ಅವರು ಸ್ತ್ರೀಗೆ ಇದು ತಕ್ಕುದಲ್ಲವೆಂದು ನಿರಾಕರಿಸಿದರು. ಕೊನೆಗೆ ತತ್ತ್ವಶಾಸ್ತ್ರದಲ್ಲಿ ಪದವಿ ಕೊಡುವುದೆಂದು ರಾಜಿಯಾಯಿತು. 1678ನೆಯ ಇಸವಿ ಜೂನ್ 25ರಂದು ವಿದ್ಯಾಪೀಠದ ಸಭಾಂಗಣವು ಜನಕ್ಕೆ ಸಾಲದೆ, ಪರೀಕ್ಷೆಯನ್ನು ಪಾದುವಾದ ಮಹಾದೇವಾಲಯದಲ್ಲಿ ನಡೆಸಬೇಕಾಯಿತು. ಅರಿಸ್ಟಾಟಲನ ಗ್ರಂಥಗಳ ಮೇಲೆ ಆಕೆಯು ಲ್ಯಾಟಿನ್ ಭಾಷೆಯಲ್ಲಿ ಮಾಡಿದ ಉಪನ್ಯಾಸವನ್ನು ಕೇಳಿ ಪಂಡಿತರು ತಲೆದೂಗಿದರು. ಆರು ವರ್ಷಗಳಲ್ಲಿ, 1684ರಲ್ಲಿ, ಆಕೆ ತೀರಿಕೊಂಡಳು.

ಜನಕರಾಜನ ಸಭೆಯಲ್ಲಿ ಗಾರ್ಗಿಯು ಎದ್ದುನಿಂತು ಯಾಜ್ಞವಲ್ಕ್ಯರನ್ನು ಒಂದಲ್ಲ ಎರಡು ಸಲ ಪ್ರಶ್ನಿಸಿದಳೆಂದು ಉಪನಿಷತ್ತನ್ನು ಓದಿದವರೆಲ್ಲರೂ ಬಲ್ಲರು. ಅದನ್ನು ಬಲ್ಲವರ ಮನೆಗಳಲ್ಲಿಯೂ ಹೆಣ್ಣುಮಕ್ಕಳು ಪಾಠವನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದ ಕಾಲವು ಬಹಳ ಹಿಂದಿನದಲ್ಲ. ಆದುದರಿಂದ ಬಾರ್ಬರಿಗೊ ಅವರನ್ನು ದೂರುವ ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ಬಾಗಿಲನ್ನು ನೋಡಿಕೊಳ್ಳುವುದು ಮೇಲು. ರೋಮಿನ ಸಭೆಯು ಅವಿಲಾದ ತೆರೇಸಾ ಮತ್ತು ಸಿಯೆನಾದ ಕ್ಯಾಥರೀನ್ ಎಂಬ ಇಬ್ಬರು ಸಾಧ್ವಿಯರನ್ನು ‘ಸಭೆಯ ಡಾಕ್ಟರ’ರೆಂದು ಸಾರಿದುದು 1970ರಲ್ಲಿ. ಕ್ಯಾಥರೀನಳು ಬಟ್ಟೆಗೆ ಬಣ್ಣಹಾಕುವವನ ಮಗಳು. ಯಾವ ವಿದ್ಯಾಪೀಠವನ್ನೂ ಹೊಕ್ಕವಳಲ್ಲ. ಕೇಳತಕ್ಕ ಎಲ್ಲ ಲಕ್ಷಣಗಳೂ ಇದ್ದವಳಿಗೆ ಪದವಿ ತಪ್ಪಿತು. ಒಂದನ್ನೂ ಪೂರೈಸದೆ ಇದ್ದವಳಿಗೆ ಆರುನೂರು ವರ್ಷಗಳ ಮೇಲೆ ಗೌರವ ದೊರೆಯಿತು. ವಿದ್ಯಾಪೀಠದ ಅಪ್ಪಣೆಯೇ ಬೇರೆ, ಅಧಿಕಾರವೇ ಬೇರೆ.

ಭರತಖಂಡದಲ್ಲಿ ಈ ಪದವಿಯ ಬೀಜವನ್ನು ಬಿತ್ತಿದವರಲ್ಲಿಯೂ ಇಂಥ ವಿಚಿತ್ರವೊಂದುಂಟು. ವಂಗದೇಶದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು 1818ರಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದರು. ಕೇರಿಯು ಮೊದಲು ಪಾದರಕ್ಷೆ ಹೊಲಿಯುತ್ತಿದ್ದವನು. ಕಾಲೇಜಿನ ಮೆಟ್ಟಲು ಹತ್ತಿದವನಲ್ಲ. ಅವನು ಕೋಲ್ಕತಾದಲ್ಲಿ ಸಂಸ್ಕೃತವನ್ನು ಬೋಧಿಸಿದನು, ಅದರ ವ್ಯಾಕರಣವನ್ನು ಬರೆದನು. 1817ರಲ್ಲಿ ಕನ್ನಡಕ್ಕೂ ಒಂದು ವ್ಯಾಕರಣವನ್ನು ಅಚ್ಚುಮಾಡಿಸಿದನು. ಅಮೇರಿಕೆಯ ಬ್ರೌನ್ ವಿದ್ಯಾಪೀಠವು 1807ರಲ್ಲಿ ಅವನಿಗೆ ಗೌರವ ಡಾಕ್ಟರ್ ಪದವಿಯನ್ನು ಕಳುಹಿಸಿತು. ಕನ್ನಡಿಗರಿಗೆ ಚಿರಪರಿಚಿತರಾದ ಕಿಟ್ಟೆಲರ ಸಂಗತಿಯೂ ಹೀಗೆಯೇ. 1894ರಲ್ಲಿ ಅವರ ನಿಘಂಟು ಹೊರಬಂದಿತು. 1896ರಲ್ಲಿ ಟ್ಯೂಬಿಂಗೆನ್ ವಿದ್ಯಾಪೀಠವು ಗೌರವ ಪದವಿಯನ್ನು ಕೊಟ್ಟಿತು. ಇವರಿಗೆ ಕೆಲಸ ಮೊದಲು, ಪದವಿ ಆಮೇಲೆ.

ಶ್ರೀರಾಮಪುರವು ಆಗ ಡೆನ್ಮಾರ್ಕ್ ದೇಶದ ವಶದಲ್ಲಿದ್ದಿತು. ಆ ದೇಶದ ದೊರೆಯಾದ ಆರನೆಯ ಫ್ರೆಡರಿಕನು 1827ರಲ್ಲಿ ಪದವಿಗಳನ್ನು ಕೊಡುವ ಅಧಿಕಾರವನ್ನು ಸನ್ನದಿನ ಮೂಲಕ ಆ ಕಾಲೇಜಿಗೆ ದಯಪಾಲಿಸಿದನು. ಜಾತಿ, ಬಣ್ಣ, ದೇಶಗಳು ಯಾರಿಗೂ ಪ್ರವೇಶಕ್ಕೆ ಅಡ್ಡಿಯಾಗಬಾರದೆಂದು 1833ರ ಅದರ ನಿಬಂಧನೆಗಳಲ್ಲಿ ಬರೆಯಲ್ಪಟ್ಟಿತು. 1845ರಲ್ಲಿ ಊರು ಇಂಗ್ಲೀಷರಿಗೆ ಮಾರಲ್ಪಟ್ಟರೂ ಸನ್ನದು ಉಳಿಯಿತು. ಆದರೆ ಕೊಡುವ ಅಧಿಕಾರ ಬಂದ ಎಂಬತ್ತೆಂಟು ವರ್ಷಗಳ ಮೇಲೆ, 1915ರಲ್ಲಿ, ದೈವಶಾಸ್ತ್ರದ ಮೊದಲ ಬಿ.ಡಿ. ಪದವಿಗಳು ಕೊಡಲ್ಪಟ್ಟವು. 1918ರ ಶಾಸನದ ಅನಂತರ ಅದರ ಸೆನೆಟ್ಟು ಬೇರೆ ಬೇರೆ ಪಂಗಡಗಳ ವಿದ್ಯಾಲಯಗಳನ್ನು ಸೇರಿಸಿಕೊಂಡು ಬೆಳೆಯಿತು. 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜೂ, 1847ರ ಬಾಸೆಲ್ ಮಿಷನ್ನಿನ ಪಾಠಶಾಲೆಯ ಪರಂಪರೆಯಲ್ಲಿ 1965ರಲ್ಲಿ ರೂಪುಗೊಂಡ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜೂ ಈ ವೃಕ್ಷದ ಕೊಂಬೆಗಳೇ.

ಈಗ ಇಂಥ ಮಾರ್ಗವನ್ನು ಹಿಡಿಯುವವನು ಬಿ.ಡಿ. ಪದವಿಯ ಮೇಲೆ ಎರಡು ವರ್ಷಗಳ ಎಂ.ಟಿಎಚ್. ವ್ಯಾಸಂಗವನ್ನು ಮುಗಿಸಿ, ಅನಂತರ ಡಾಕ್ಟರ್ ಪದವಿಗೆ ಹೋಗಬೇಕು. ಅಮೇರಿಕೆಯಲ್ಲಾದರೆ ಸಾಮಾನ್ಯವಾಗಿ ಮೂರು ವರ್ಷಗಳ ಎಂ.ಡಿವ್. ಅಥವಾ ಅದಕ್ಕೆ ಸಮನಾದ ಪದವಿ ಮೊದಲು. ಆಮೇಲೆ ಸುಮಾರು ಎರಡು ವರ್ಷ ಪಾಠಗಳು, ಜರ್ಮನ್ ಫ್ರೆಂಚ್ ಮುಂತಾದ ಭಾಷೆಗಳಲ್ಲಿ ಓದುವ ಪರೀಕ್ಷೆ, ಇಡೀ ಶಾಸ್ತ್ರವನ್ನು ವ್ಯಾಪಿಸುವ ಪರೀಕ್ಷೆಗಳು, ಕೊನೆಗೆ ಸ್ವತಂತ್ರವಾದ ಮಹಾಪ್ರಬಂಧ, ಅದರ ಮೇಲೆ ಪಂಡಿತರೆದುರಿಗೆ ಪ್ರಶ್ನೋತ್ತರ. ಹಳೆಯ ಒಡಂಬಡಿಕೆಯನ್ನು ಆರಿಸಿಕೊಂಡವನು ಹೀಬ್ರೂ, ಹೊಸದನ್ನು ಆರಿಸಿಕೊಂಡವನು ಗ್ರೀಕ್ ಬಲ್ಲವನಾಗಿರಲೇಬೇಕು. ಪ್ಯಾರಿಸ್ಸಿನ ಕಟ್ಟಳೆಗಳು ವೇಷ ಬದಲಾಯಿಸಿಕೊಂಡು ಇಂದಿಗೂ ಬದುಕಿವೆ.

ಆದರೆ ಪಟ್ಟಿಯಲ್ಲಿ ಬರೆಯದ ಪರೀಕ್ಷೆಯೊಂದುಂಟು. ಅದು ವಿದ್ಯಾರ್ಥಿಯು ಊರಿಗೆ ಹಿಂದಿರುಗಿದ ದಿನ ಮೊದಲಾಗುತ್ತದೆ. ಹಳ್ಳಿಯ ಚಿಕ್ಕ ಸಭೆಯೊಂದು ಕೈಲಾದಷ್ಟು ಹಣ ಕೂಡಿಸಿ ಹುಡುಗನನ್ನು ಓದಲು ಕಳುಹಿಸುತ್ತದೆಯೆಂದಿಟ್ಟುಕೊಳ್ಳಬಹುದು. ಮೋಶೆಯು ಬರೆದನೆಂದು ಅಜ್ಜಿಯ ತೊಡೆಯ ಮೇಲೆ ಕೇಳಿದ್ದ ಐದು ಪುಸ್ತಕಗಳು ಹಲವು ಕಾಲದ ಹಲವು ಕೈಗಳಿಂದ ಹೆಣೆಯಲ್ಪಟ್ಟವೆಂದು ಬಹುಮಂದಿ ವಿದ್ವಾಂಸರ ಮತವೆಂದು ಅವನು ಅಲ್ಲಿ ಕಲಿಯುತ್ತಾನೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಾಕ್ಯಗಳು ನಾಲ್ಕನೆಯ ಶತಮಾನದ ಎರಡು ಅತಿ ಮುಖ್ಯವಾದ ಹಸ್ತಪ್ರತಿಗಳಲ್ಲಿ ಇಲ್ಲವೆಂದು ತಿಳಿಯುತ್ತಾನೆ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕಗಳನ್ನೂ ಪಡೆಯುತ್ತಾನೆ. ಭಾನುವಾರ ಊರಿನ ದೇವಾಲಯದಲ್ಲಿ ಅವನು ಪೀಠವನ್ನು ಏರಿದಾಗ, ಮುಂದಿನ ಸಾಲಿನಲ್ಲಿ ಆ ಅಜ್ಜಿಯೇ ಕುಳಿತಿರುತ್ತಾಳೆ. ಕಲಿತುದನ್ನು ಬಚ್ಚಿಟ್ಟರೆ ಸುಳ್ಳಾಗುತ್ತದೆ. ಕಲಿತವನೆಂದು ಅವಳ ನಂಬಿಕೆಯನ್ನು ಹೀಯಾಳಿಸಿದರೆ ಕ್ರೌರ್ಯವಾಗುತ್ತದೆ. ಎರಡೂ ಆಗದಂತೆ ಮಾತನಾಡುವುದನ್ನು ಯಾವ ವಿದ್ಯಾಪೀಠವೂ ಕಲಿಸಿಕೊಟ್ಟಿಲ್ಲ. ಇನ್ನು, ಅವಳು ಆ ಪುಸ್ತಕಗಳಿಂದ ಪಡೆದ ಧೈರ್ಯವು ಅವನ ಪ್ರಬಂಧದಲ್ಲಿ ಎಲ್ಲಿ ಬಂದಿತೆಂದು ಅವನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಪೂರ್ವಪಕ್ಷವನ್ನು ಓದಿದ ರಾತ್ರಿ ನಿದ್ದೆಗೆಟ್ಟ ಪಾಠಶಾಲೆಯ ಹುಡುಗರಿಗೂ, ಬೆಳಗ್ಗೆ ದೇವರ ಮನೆಯಲ್ಲಿ ತಾಯಿ ಹಚ್ಚಿದ ದೀಪವನ್ನು ಕಂಡಾಗ ಇದೇ ಸಂಕಟವಾಗಿದ್ದಿತು.

ಪದವಿಗಳು ವ್ಯರ್ಥವೆಂದು ಇದರಿಂದ ಹೇಳಿದಂತಾಗಲಿಲ್ಲ. ದೇವರನ್ನು ಬಲ್ಲವನೆಂದು ಒಬ್ಬನಿಗೆ ಪತ್ರ ಬರೆದುಕೊಡಲು ಯಾವ ಸೆನೆಟ್ಟಿಗೂ ಸಾಧ್ಯವಿಲ್ಲ. ತಿಳಿದವರು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಪ್ಯಾರಿಸ್ಸಿನ ಆ ಮಹಾಪಂಡಿತನೇ 1273ರ ಡಿಸೆಂಬರಿನಲ್ಲಿ ಲೇಖನಿಯನ್ನು ಕೆಳಗಿಟ್ಟು, ತಾನು ಬರೆದುದೆಲ್ಲವೂ ಹುಲ್ಲಿನಂತೆ ತೋರುತ್ತಿದೆಯೆಂದನಂತೆ. ಅವನ ಮಹಾಗ್ರಂಥವು ಅಸಮಗ್ರವಾಗಿಯೇ ಉಳಿಯಿತು. ಹುಲ್ಲೆಂದು ಹೇಳುವುದಕ್ಕೂ ಅಷ್ಟನ್ನು ಬೆಳೆದಿರಬೇಕು. ವಿದ್ಯಾಪೀಠವು ಪರೀಕ್ಷಿಸಬಲ್ಲದ್ದು ವಾಣಿಯ ಶುದ್ಧಿಯನ್ನು ಮಾತ್ರ: ಇವನು ಮೂಲವನ್ನು ಓದಿದನೆ, ಎದುರಾಳಿಯ ಮಾತಿಗೆ ಅನ್ಯಾಯಮಾಡದೆ ಉತ್ತರ ಹೇಳಿದನೆ, ಸಭೆಯಲ್ಲಿ ಪ್ರಶ್ನೆಗೆ ತಲೆಬಾಗಿ ನಿಂತನೆ ಎಂದು. ದೇವರ ಹೆಸರಿನಲ್ಲಿ ನೆರೆಯವನ ಮಾತನ್ನು ತಿರುಚುವುದು ಎಲ್ಲ ಮತಗಳಲ್ಲಿಯೂ ಅಗ್ಗವಾಗಿರುವಾಗ ಇಷ್ಟಾದರೂ ಅಲ್ಪವಲ್ಲ.

ಆದುದರಿಂದ ದೈವಶಾಸ್ತ್ರದಲ್ಲಿ ಪದವಿ ಪಡೆದವರು ಯಾವ ಮತದವರೇ ಆಗಲಿ ಊರಿಗೆ ಬಂದರೆ, ಅವರು ಎಷ್ಟು ವರ್ಷ ಓದಿದರು, ಯಾವ ದೇಶಕ್ಕೆ ಹೋಗಿಬಂದರು ಎಂದು ಕೇಳುವ ಅಗತ್ಯವಿಲ್ಲ. ತಮಗೆ ಒಪ್ಪಿಗೆಯಾಗದ ಪಕ್ಷವನ್ನು, ಆ ಪಕ್ಷದವರು ಅಹುದೆನ್ನುವಂತೆ, ಒಮ್ಮೆ ಹೇಳಬೇಕೆಂದು ಅವರನ್ನು ಪ್ರಾರ್ಥಿಸಿದರೆ ಸಾಕು. ಹೇಳಬಲ್ಲವರು ಅಧಿಕಾರಿಗಳು.